ಗೇರುಬೀಜ ಸುಲಿಯುವ ಕೆಲಸ ಯಾರ ಪಾಲಿಗೆ? ಆಫ್ರಿಕಾದ ಅರ್ಧ ಶತಮಾನದ ಜಗ್ಗಾಟ

ಮಂಗಳೂರು, ಉಡುಪಿ, ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಗಳಿಗೆ ನಮ್ಮ ಕರಾವಳಿಯ ಬೀಜ ಸಾಲುವುದಿಲ್ಲ. ನಮ್ಮಲ್ಲಿ ಕೊಯ್ಲು ಫೆಬ್ರವರಿಯಿಂದ ಮೇ ತನಕ. ಮಳೆ ಹಿಡಿದರೆ ಮುಗಿಯಿತು. ಉಳಿದ ತಿಂಗಳು ಹೆಂಗಸರಿಗೆ ಕೆಲಸ ಸಿಗಬೇಕಾದರೆ ಹೊರಗಿನಿಂದ ಬೀಜ ಬರಲೇಬೇಕು. ಅದು ಬರುವುದು ಹೆಚ್ಚಾಗಿ ಆಫ್ರಿಕಾದಿಂದ. ಟಾಂಜಾನಿಯಾ, ಮೊಜಾಂಬಿಕ್‌ಗಳಲ್ಲಿ ಅಕ್ಟೋಬರ್ ಹೊತ್ತಿಗೆ ಕೊಯ್ಲು ಶುರುವಾಗುತ್ತದೆ. ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ ಬಿಸಾವುಗಳಲ್ಲಿ ನಮ್ಮ ಹಾಗೆಯೇ ವರ್ಷದ ಮೊದಲರ್ಧದಲ್ಲಿ.

ಆ ದೇಶಗಳು ಈಗ ಕೇಳುತ್ತಿರುವ ಪ್ರಶ್ನೆ ಸರಳವಾದದ್ದು. ಬೀಜ ನಮ್ಮದು, ಸುಲಿಯುವ ಕೆಲಸ ಮಾತ್ರ ಬೇರೆಯವರಿಗೆ ಯಾಕೆ? ಬೆನಿನ್ 2024ರ ಏಪ್ರಿಲ್‌ನಿಂದ ಕಚ್ಚಾ ಗೇರುಬೀಜದ ರಫ್ತನ್ನೇ ನಿಲ್ಲಿಸುವ ಕ್ರಮ ತಂದಿತು. ಇದು ಇದ್ದಕ್ಕಿದ್ದಂತೆ ಹುಟ್ಟಿದ ಹಟವಲ್ಲ. ಇದರ ಹಿಂದೆ ಐವತ್ತು ವರ್ಷಗಳ ಕಥೆ ಇದೆ. ಅದರಲ್ಲಿ ಅತಿ ನೋವಿನ ಅಧ್ಯಾಯ ಮೊಜಾಂಬಿಕ್‌ನದು.

ಗೇರು ಮೂಲದಲ್ಲಿ ಬ್ರೆಜಿಲ್‌ನ ಮರ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಗೋವಾಕ್ಕೂ ತಂದರು, ಮೊಜಾಂಬಿಕ್‌ಗೂ ಒಯ್ದರು. ಬಡ ನೆಲದಲ್ಲೂ ಬೇರು ಬಿಡುವ, ಜಾಸ್ತಿ ನೀರು ಕೇಳದ ಮರ ಇದು. ಪೂರ್ವ ಆಫ್ರಿಕಾದ ಕರಾವಳಿಯುದ್ದಕ್ಕೂ ಹಬ್ಬಿತು. ಇಪ್ಪತ್ತನೇ ಶತಮಾನದಲ್ಲಿ ಕೊಲ್ಲಂ ಮತ್ತು ಮಂಗಳೂರಿನಲ್ಲಿ ಕಾರ್ಖಾನೆಗಳು ಬೆಳೆದಾಗ ಅಲ್ಲಿನ ಬೀಜ ಹಡಗೇರಿ ಇಲ್ಲಿಗೆ ಬರತೊಡಗಿತು. ಇಲ್ಲಿ ಸುಲಿದ ತಿರುಳು ಅಮೆರಿಕ, ಯುರೋಪಿಗೆ ಹೋಗುತ್ತಿತ್ತು.

ಸುಲಿಯುವ ಕೆಲಸ ಎಂದರೆ ಏನು ಅಂತ ಕರಾವಳಿಯವರಿಗೆ ಹೇಳಬೇಕಿಲ್ಲ. ಚಿಪ್ಪಿನೊಳಗಿನ ಎಣ್ಣೆ ಕೈ ಸುಡುತ್ತದೆ. ಬೀಜವನ್ನು ಹುರಿಯಬೇಕು, ಇಲ್ಲವೇ ಹಬೆಯಲ್ಲಿ ಬೇಯಿಸಬೇಕು. ಒಂದೊಂದಾಗಿ ಒಡೆದು ತಿರುಳು ತುಂಡಾಗದಂತೆ ತೆಗೆಯಬೇಕು. ಆಮೇಲೆ ಒಣಗಿಸಬೇಕು, ಒಳಸಿಪ್ಪೆ ಬಿಡಿಸಬೇಕು, ಗಾತ್ರ ನೋಡಿ ವಿಂಗಡಿಸಬೇಕು. ನಾಲ್ಕೈದು ಕಿಲೋ ಬೀಜಕ್ಕೆ ಸಿಗುವುದು ಸುಮಾರು ಒಂದು ಕಿಲೋ ತಿರುಳು. ಇಡೀ ತಿರುಳಿಗೆ ಒಂದು ಬೆಲೆ, ತುಂಡಿಗೆ ಅದಕ್ಕಿಂತ ತುಂಬಾ ಕಡಿಮೆ. ಹಾಗಾಗಿ ಪಳಗಿದ ಕೈಗಳ ಮೇಲೆಯೇ ಈ ಉದ್ಯಮ ನಿಂತಿತ್ತು. ಹಳ್ಳಿಯ ಹೆಂಗಸರಿಗೆ ಕೂಲಿ ಸಿಗುವ ಜಾಗ ಎಂದರೆ ಇದೇ. ಅಲ್ಲೂ ಹಾಗೆಯೇ, ಇಲ್ಲೂ ಹಾಗೆಯೇ.

1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ಜಗತ್ತಿನಲ್ಲೇ ಅತಿ ಹೆಚ್ಚು ಗೇರು ಬೆಳೆಯುತ್ತಿದ್ದ ನಾಡು. ವರ್ಷಕ್ಕೆ 2 ಲಕ್ಷ ಟನ್ನಿಗೂ ಜಾಸ್ತಿ. 1975ರಲ್ಲಿ ಸ್ವಾತಂತ್ರ್ಯ ಬಂತು. ಪೋರ್ಚುಗೀಸರು ಬಿಟ್ಟುಹೋದರು. ಫ್ರೆಲಿಮೊ ಪಕ್ಷದ ಹೊಸ ಸರ್ಕಾರ ಕಾರ್ಖಾನೆಗಳನ್ನು ಕೈಗೆ ತೆಗೆದುಕೊಂಡಿತು. ದೇಶದೊಳಗೇ ಸುಲಿಯಲಿ ಎಂದು ಕಚ್ಚಾ ಬೀಜದ ರಫ್ತನ್ನು ತಡೆಯಿತು. ಉದ್ದೇಶ ಒಳ್ಳೆಯದೇ. ಆದರೆ 1977ರಿಂದ 1992ರ ತನಕ ದೇಶ ಒಳಯುದ್ಧದಲ್ಲಿ ಬೆಂದುಹೋಯಿತು. ಜನ ಊರು ಬಿಟ್ಟು ಓಡಿದರು, ಅಂಗಡಿಗಳು ಮುಚ್ಚಿದವು, ಮರಗಳು ಮುದಿಯಾದವು, ಹೊಸ ಗಿಡ ನೆಡುವವರಿರಲಿಲ್ಲ. ಇದ್ದ ಬೀಜಕ್ಕೆ ಸರ್ಕಾರ ಕೊಡುತ್ತಿದ್ದ ಬೆಲೆಯೂ ಕಡಿಮೆ.

ಈ ಮಾತನ್ನು ಮುಚ್ಚಿಡಬಾರದು. ರಫ್ತು ತಡೆದರೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಕೊಳ್ಳುವವರು ಕಡಿಮೆಯಾದರೆ ರೈತನ ಬೆಲೆ ಬೀಳುತ್ತದೆ. ಕಾರ್ಖಾನೆಯವರ ಕೂಲಿಗೆ ರೈತ ತನ್ನ ಜೇಬಿನಿಂದ ಕೊಟ್ಟ ಹಾಗೆ.

ವಿಶ್ವಬ್ಯಾಂಕ್ ಹಿಡಿದದ್ದು ಈ ಎಳೆಯನ್ನೇ. ಮೊಜಾಂಬಿಕ್ 1984ರಲ್ಲಿ ಬ್ಯಾಂಕಿನ ಸದಸ್ಯನಾಗಿತ್ತು. 1987ರಿಂದ ಬ್ಯಾಂಕ್ ಹೇಳಿದ ಆರ್ಥಿಕ ಸುಧಾರಣೆ ನಡೆಯುತ್ತಿತ್ತು. 1990ರ ದಶಕದ ಆರಂಭದಲ್ಲಿ ರಫ್ತಿನ ನಿಷೇಧ ಹೋಗಿ ಅದರ ಜಾಗಕ್ಕೆ ರಫ್ತು ತೆರಿಗೆ ಬಂತು. ಸರ್ಕಾರಿ ಕಾರ್ಖಾನೆಗಳನ್ನು ದೇಶದ ಖಾಸಗಿಯವರಿಗೆ ಮಾರಲಾಯಿತು. ಕೊಂಡವರು ಯಂತ್ರ ರಿಪೇರಿ ಮಾಡಿಸಲು ಹಣ ಹಾಕಿದರು. ಅಷ್ಟರಲ್ಲೇ ಬ್ಯಾಂಕ್ ಇನ್ನೊಂದು ಷರತ್ತು ಇಟ್ಟಿತು: ರಫ್ತು ತೆರಿಗೆಯನ್ನು ಬೇಗ ಬೇಗ ಇಳಿಸಿ. 1996-97ರ ಹೊತ್ತಿಗೆ ಅದು ಶೇ. 14ಕ್ಕೆ ಇಳಿದಿತ್ತು.

ಬ್ಯಾಂಕಿನ ಲೆಕ್ಕ ಹೀಗಿತ್ತು. ಈ ಕಾರ್ಖಾನೆಗಳು ದಕ್ಷವಾಗಿಲ್ಲ. ಇವು ತಿರುಳು ಮಾರಿ ಗಳಿಸುವುದಕ್ಕಿಂತ ಬೀಜವನ್ನು ಹಾಗೆಯೇ ಭಾರತಕ್ಕೆ ಮಾರಿದರೆ ದೇಶಕ್ಕೆ ಹೆಚ್ಚು ಸಿಗುತ್ತದೆ. ತೆರಿಗೆ ಇಳಿದರೆ ವ್ಯಾಪಾರಿಗಳು ಪೈಪೋಟಿಯಲ್ಲಿ ಕೊಳ್ಳುತ್ತಾರೆ, ರೈತನಿಗೆ ಬೆಲೆ ಏರುತ್ತದೆ, ಅವನು ಗಿಡ ನೆಡುತ್ತಾನೆ. ಗೇರು ನಂಬಿದ ಲಕ್ಷಾಂತರ ಕುಟುಂಬಗಳ ಮುಂದೆ ಕಾರ್ಖಾನೆಯ ಕೆಲವು ಸಾವಿರ ಕೆಲಸ ದೊಡ್ಡದಲ್ಲ.

ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ, ಅಲ್ವಾ? ನಡೆದದ್ದು ಬೇರೆ. ಕಚ್ಚಾ ಬೀಜ ಭಾರತದ ಕಡೆಗೆ ಹರಿಯಿತು. ಬೀಜ ಸಿಗದೆ ಮೊಜಾಂಬಿಕ್‌ನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಸುಮಾರು ಹತ್ತು ಸಾವಿರ ಜನ ದುಡಿಯುತ್ತಿದ್ದ ಉದ್ಯಮದಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಹೆಂಗಸರು. ಆ ಊರುಗಳಲ್ಲಿ ಅವರಿಗೆ ಬೇರೆ ಸಂಬಳದ ಕೆಲಸ ಇರಲಿಲ್ಲ.

ರೈತನಿಗಾದರೂ ಸಿಕ್ಕಿತೇ? ಮಾರ್ಗರೆಟ್ ಮೆಕ್‌ಮಿಲನ್, ಡ್ಯಾನಿ ರೊಡ್ರಿಕ್, ಕರೆನ್ ಹಾರ್ನ್ ವೆಲ್ಚ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು ಕೂತು ಲೆಕ್ಕ ಹಾಕಿದರು. ಗೇರು ಬೆಳೆಯುವ ಒಂದು ಸಾಧಾರಣ ಕುಟುಂಬಕ್ಕೆ ಈ ಸುಧಾರಣೆಯಿಂದ ವರ್ಷಕ್ಕೆ ಹೆಚ್ಚೆಂದರೆ 5.30 ಡಾಲರ್ ಲಾಭವಾಗಿರಬಹುದು ಎಂದು ಅವರು ಕಂಡುಕೊಂಡರು. ಒಂದಿಡೀ ಉದ್ಯಮ ಕುಸಿದದ್ದಕ್ಕೆ ಸಿಕ್ಕ ಪ್ರತಿಫಲ ಇಷ್ಟು. ಏರಿದ ಬೆಲೆಯ ದೊಡ್ಡ ಪಾಲು ಮಧ್ಯದ ವ್ಯಾಪಾರಿಗಳ ಕೈಯಲ್ಲಿ ಉಳಿಯಿತು. ಹಳ್ಳಿಗೆ ಬರುವ ವ್ಯಾಪಾರಿ ಒಬ್ಬನೋ ಇಬ್ಬರೋ ಆದರೆ ಪೈಪೋಟಿ ಎಲ್ಲಿಂದ ಬರಬೇಕು? ಹೊರಗಿನ ಮಾರುಕಟ್ಟೆಯಲ್ಲೂ ಕಚ್ಚಾ ಬೀಜಕ್ಕೆ ಆಗ ದೊಡ್ಡ ಗಿರಾಕಿ ಭಾರತ ಒಂದೇ.

ಮರಗಳ ವಿಷಯ ಇನ್ನೂ ಮುಖ್ಯ. ಗೇರು ಗಿಡ ನೆಟ್ಟು ಫಸಲು ಕೈಗೆ ಬರಲು ಮೂರರಿಂದ ಐದು ವರ್ಷ ಬೇಕು. ಇವತ್ತಿನ ಸರ್ಕಾರದ ಮಾತು ನಾಳೆಯೂ ನಿಲ್ಲುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ರೈತ ಗಿಡ ನೆಡುತ್ತಾನೆ. ಇಲ್ಲಿ ನಿಷೇಧ ಹೋಗಿ ತೆರಿಗೆ ಬಂತು, ತೆರಿಗೆ ಇಳಿಯಿತು, ಅದನ್ನು ಮತ್ತೆ ಏರಿಸಿ ಎಂಬ ಕೂಗು ಎದ್ದಿತು. ಯಾರನ್ನು ನಂಬುವುದು? ರೈತ ನಂಬಲಿಲ್ಲ, ಗಿಡ ನೆಡಲಿಲ್ಲ. ವ್ಯಾಪಾರ ನೀತಿ ಮತ್ತು ಸುಸ್ಥಿರ ಅಭಿವೃದ್ಧಿ ಬೇರೆ ಬೇರೆ ವಿಷಯಗಳು ಎನ್ನುವವರು ಈ ಮುದಿ ಮರಗಳನ್ನು ನೋಡಬೇಕು ಎಂದು ನನಗನ್ನಿಸುತ್ತದೆ. ಬಂದರಿನಲ್ಲಿ ಹಾಕುವ ತೆರಿಗೆ ಒಳನಾಡಿನ ಒಂದು ಗುಂಟೆ ಜಾಗದಲ್ಲಿ ಗಿಡ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ಕೆಲಸಗಾರರ ಸಂಘ, ಕಾರ್ಖಾನೆ ಮಾಲೀಕರು, ಪತ್ರಿಕೆಗಳು ಸೇರಿ ದೊಡ್ಡ ಗಲಾಟೆ ಎಬ್ಬಿಸಿದವು. ವಿಶ್ವಬ್ಯಾಂಕಿನ ಆಗಿನ ಅಧ್ಯಕ್ಷ ಜೇಮ್ಸ್ ವೋಲ್ಫೆನ್ಸನ್ 1997ರಲ್ಲಿ ಮೊಜಾಂಬಿಕ್‌ಗೆ ಹೋದಾಗ ಈ ದೂರು ಅವರ ಮುಂದೆಯೇ ಬಂತು. ಬ್ಯಾಂಕ್ ಪಟ್ಟು ಸಡಿಲಿಸಿತು. 1999ರಲ್ಲಿ ಮೊಜಾಂಬಿಕ್ ಸಂಸತ್ತು ಕಚ್ಚಾ ಬೀಜದ ಮೇಲೆ ಶೇ. 18ರಿಂದ 22ರ ತನಕ ರಫ್ತು ತೆರಿಗೆ ಹಾಕುವ ಕಾನೂನು ಮಾಡಿತು. ಅಷ್ಟು ಹೊತ್ತಿಗೆ ಹಳೆಯ ಕಾರ್ಖಾನೆಗಳು ಹೋಗಿಯಾಗಿತ್ತು. ಆಮೇಲೆ ಉತ್ತರದ ನಂಪುಲಾ ಸುತ್ತ ಸಣ್ಣ ಸಣ್ಣ ಕಾರ್ಖಾನೆಗಳು ಎದ್ದವು. ದೊಡ್ಡ ಯಂತ್ರಗಳನ್ನು ಬಿಟ್ಟು ಹೆಚ್ಚು ಕೈಕೆಲಸದ ದಾರಿ ಹಿಡಿದವು. ತಿರುಳು ತುಂಡಾಗುವುದು ಕಡಿಮೆಯಾಯಿತು, ಹಳ್ಳಿಯಲ್ಲೇ ಕೂಲಿ ಸಿಕ್ಕಿತು. ಇದನ್ನೇ ಹತ್ತು ವರ್ಷ ಮೊದಲು, ಒಂದು ಮಿತಿಯ ರಕ್ಷಣೆ ಕೊಟ್ಟು ಮಾಡಬಹುದಿತ್ತು.

ಪಕ್ಕದ ಟಾಂಜಾನಿಯಾದ ಪಾಠ ಬೇರೆ ಥರದ್ದು. 1970ರ ದಶಕದಲ್ಲಿ ಜೂಲಿಯಸ್ ನೈರೆರೆ ಸರ್ಕಾರ ಚದುರಿದ್ದ ಜನರನ್ನು ಹೊಸ ಊರುಗಳಿಗೆ ಸೇರಿಸಿತು. ರೈತರು ಒಂದು ಕಡೆ, ಅವರ ಗೇರು ಮರಗಳು ಇನ್ನೊಂದು ಕಡೆ. ಜೊತೆಗೆ ಬೆಲೆ ಕಡಿಮೆ, ಬೂದಿ ರೋಗ ಬೇರೆ. 1973-74ರಲ್ಲಿ ಸುಮಾರು 1.45 ಲಕ್ಷ ಟನ್ ಇದ್ದ ಬೆಳೆ 1986-87ರ ಹೊತ್ತಿಗೆ 20 ಸಾವಿರ ಟನ್ನಿಗಿಂತ ಕೆಳಗೆ ಬಿತ್ತು. ಅದೇ ಕಾಲದಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಅಲ್ಲಿ ದೊಡ್ಡ ದೊಡ್ಡ ಸುಲಿಯುವ ಕಾರ್ಖಾನೆಗಳು ಎದ್ದಿದ್ದವು. ಬೀಜವೇ ಇಲ್ಲದ ಮೇಲೆ ಅವು ಏನನ್ನು ಸುಲಿಯಬೇಕು? 2018ರಲ್ಲಿ ಬೆಲೆ ಕುಸಿದು ರೈತರು ಮಾರಲು ಒಪ್ಪದಿದ್ದಾಗ ಅಧ್ಯಕ್ಷ ಜಾನ್ ಮಗುಫುಲಿ ಸೈನ್ಯವನ್ನೇ ಖರೀದಿಗೆ ಇಳಿಸಿದರು. ಕಿಲೋಗೆ 3,300 ಶಿಲಿಂಗ್ ಕೊಡುವುದಾಗಿ ಘೋಷಿಸಿದರು. ಸೈನ್ಯ ಬಂದು ಬೀಜ ಕೊಳ್ಳಬಹುದು. ಕೊಂಡದ್ದಕ್ಕೆ ಗಿರಾಕಿ ಹುಡುಕುವುದು ಅದರ ಕೈಯಲ್ಲಿರುವ ಕೆಲಸವಲ್ಲ.

ಪಶ್ಚಿಮದ ಕಥೆ ತಡವಾಗಿ ಶುರುವಾಯಿತು. ಐವರಿ ಕೋಸ್ಟ್‌ನ ಉತ್ತರ ಭಾಗದಲ್ಲಿ 1960ರ ದಶಕದಲ್ಲಿ ಗೇರು ನೆಟ್ಟದ್ದು ಮಣ್ಣು ಕೊಚ್ಚಿಹೋಗದಿರಲಿ, ನೆಲ ಬರಡಾಗದಿರಲಿ ಎಂದು. ಬೀಜಕ್ಕೆ ಬೆಲೆ ಬಂದದ್ದು ಆಮೇಲೆ. ಈಗ ಆ ದೇಶ ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತದೆ. 2022ರಲ್ಲಿ ಬೆಳೆ 10 ಲಕ್ಷ ಟನ್ ದಾಟಿತು. ಗಿನಿ ಬಿಸಾವು ಎಂಬ ಪುಟ್ಟ ದೇಶದ ರಫ್ತಿನ ಗಳಿಕೆಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಗೇರಿನದೇ. ಅಲ್ಲಿ ಬೀಜ ಕೊಟ್ಟು ಅಕ್ಕಿ ತೆಗೆದುಕೊಳ್ಳುವ ರೂಢಿಯೂ ಇದೆ. ಗೇರಿನ ಬೆಲೆ ಬಿದ್ದ ವರ್ಷ ಮನೆಯಲ್ಲಿ ಅನ್ನ ಕಡಿಮೆ ಎಂದೇ ಅರ್ಥ. ಒಂದೇ ಬೆಳೆಗೆ ಒಂದು ದೇಶ ಇಷ್ಟು ಜೋತುಬಿದ್ದರೆ ಅದನ್ನು ಸುಸ್ಥಿರ ಎಂದು ಹೇಗೆ ಕರೆಯುವುದು?

ಈ ಬೀಜವೆಲ್ಲ ಹೋಗುತ್ತಿರುವುದು ಎಲ್ಲಿಗೆ? ಹೆಚ್ಚಿನದು ವಿಯೆಟ್ನಾಂ ಮತ್ತು ಭಾರತಕ್ಕೆ. ತಿರುಳು ರಫ್ತಿನಲ್ಲಿ ವಿಯೆಟ್ನಾಂ 2006ರ ಹೊತ್ತಿಗೆ ಭಾರತವನ್ನು ಹಿಂದಿಕ್ಕಿತು. ಸುಲಿಯುವ ಯಂತ್ರಗಳನ್ನು ಅವರು ತಾವೇ ಸುಧಾರಿಸಿಕೊಂಡರು. ಆಫ್ರಿಕಾದ ಬೀಜ ಸಾವಿರಾರು ಮೈಲಿ ಪೂರ್ವಕ್ಕೆ ಹೋಗುತ್ತದೆ, ತಿರುಳಾಗಿ ಮತ್ತೆ ಪಶ್ಚಿಮಕ್ಕೆ ಯುರೋಪಿಗೆ ಬರುತ್ತದೆ. ತೂಕದಲ್ಲಿ ಮುಕ್ಕಾಲು ಪಾಲು ಚಿಪ್ಪು. ಅಷ್ಟನ್ನೂ ಹಡಗಿನಲ್ಲಿ ಸಾಗಿಸಲು ಸುಡುವ ಎಣ್ಣೆಯ ಲೆಕ್ಕ ಯಾರು ಹಿಡಿಯಬೇಕು? ಬೆಳೆದಲ್ಲೇ ಸುಲಿದರೆ ಚಿಪ್ಪು ಅಲ್ಲೇ ಒಲೆಗೆ ಉರುವಲಾಗುತ್ತದೆ, ಅದರ ಎಣ್ಣೆಯೂ ಮಾರಾಟಕ್ಕೆ ಸಿಗುತ್ತದೆ.

ನಮ್ಮ ದೇಶದ ನೀತಿಯನ್ನೂ ಇಲ್ಲಿ ನೇರವಾಗಿ ನೋಡಬೇಕು. 2008ರಲ್ಲಿ ದೆಹಲಿಯ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಡ ದೇಶಗಳಿಗೆ ಸುಂಕದ ರಿಯಾಯಿತಿ ಘೋಷಿಸಿದರು. ಆ ಪಟ್ಟಿಯಲ್ಲಿ ಗೋಡಂಬಿಯ ಹೆಸರೂ ಇತ್ತು. ಕಚ್ಚಾ ಬೀಜದ ಮೇಲಿನ ನಮ್ಮ ಸಾಮಾನ್ಯ ಆಮದು ಸುಂಕವನ್ನು 2018ರಲ್ಲಿ ಶೇ. 2.5ಕ್ಕೆ ಇಳಿಸಲಾಯಿತು. ತಿರುಳಿನ ಮೇಲಿನ ಸುಂಕವನ್ನು 2019ರ ಬಜೆಟ್‌ನಲ್ಲಿ ಶೇ. 45ರಿಂದ 70ಕ್ಕೆ ಏರಿಸಲಾಯಿತು. ಅಂದರೆ ಬೀಜ ಬರಲಿ, ಸುಲಿದದ್ದು ಬೇಡ. ಇದು ನಮ್ಮ ಕಾರ್ಖಾನೆಗಳನ್ನು, ಅಲ್ಲಿ ದುಡಿಯುವ ಹೆಂಗಸರನ್ನು ಕಾಪಾಡುವ ನೀತಿ. ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಇದೇ ಆಸೆಯಿಂದ ಮೊಜಾಂಬಿಕ್ ಇಟ್ಟುಕೊಂಡಿದ್ದ ತೆರಿಗೆಯನ್ನು ಅದರ ಕೈಯಿಂದ ಕಿತ್ತುಕೊಂಡದ್ದು ನ್ಯಾಯವಲ್ಲ. ನಾವೂ 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದ್ದೆವು. ಅದರ ಬಿಸಿ ಪಶ್ಚಿಮ ಆಫ್ರಿಕಾದ ಅಡುಗೆಮನೆಗಳಿಗೂ ತಟ್ಟಿತು.

ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳು ರಫ್ತು ತೆರಿಗೆಗೆ ಸಾಮಾನ್ಯವಾಗಿ ಅಡ್ಡಬರುವುದಿಲ್ಲ. ಪೂರ್ತಿ ನಿಷೇಧಕ್ಕೆ ಮಾತ್ರ ಅಡ್ಡಬರುತ್ತವೆ, ಅದಕ್ಕೂ ಕೆಲವು ವಿನಾಯಿತಿಗಳಿವೆ. ಯುರೋಪಿಯನ್ ಒಕ್ಕೂಟ ಆಫ್ರಿಕಾದ ದೇಶಗಳ ಜೊತೆ ಮಾಡಿಕೊಂಡ ಆರ್ಥಿಕ ಪಾಲುದಾರಿಕೆ ಒಪ್ಪಂದಗಳು ಇನ್ನೂ ಬಿಗಿ. ಹೊಸ ರಫ್ತು ತೆರಿಗೆಗೆ ಅವುಗಳಲ್ಲಿ ಜಾಗ ಬಹಳ ಕಡಿಮೆ.

ಹಾಗಂತ ಸುಮ್ನೆ ನಿಷೇಧ ಹಾಕಿದರೆ ಉದ್ಯಮ ಹುಟ್ಟುವುದಿಲ್ಲ. ಕೀನ್ಯಾ 2009ರಲ್ಲಿ ಕಚ್ಚಾ ಗೇರುಬೀಜದ ರಫ್ತು ನಿಲ್ಲಿಸಿತು, ಅಷ್ಟರಿಂದಲೇ ಅಲ್ಲಿನ ಗೇರು ಎದ್ದು ನಿಲ್ಲಲಿಲ್ಲ. ಐವರಿ ಕೋಸ್ಟ್ ಬೇರೆ ದಾರಿ ಹಿಡಿಯಿತು. ರೈತನಿಗೆ ಪ್ರತಿ ಹಂಗಾಮಿಗೂ ಕನಿಷ್ಠ ಬೆಲೆ ಘೋಷಿಸುತ್ತದೆ, ಸುಲಿಯುವವರಿಗೆ ಸಹಾಯಧನ ಕೊಡುತ್ತದೆ, ಕಚ್ಚಾ ಬೀಜದ ರಫ್ತಿನ ಮೇಲೆ ತೆರಿಗೆ ಹಾಕುತ್ತದೆ. ಅಲ್ಲಿ ಸುಲಿಯುವ ಪಾಲು ನಿಧಾನವಾಗಿ ಏರಿದೆ, ಆದರೂ ಹೆಚ್ಚಿನ ಬೀಜ ಈಗಲೂ ಹೊರಗೆ ಹೋಗುತ್ತದೆ. ಬೆನಿನ್ ನಿಷೇಧಕ್ಕೆ ಮೊದಲೇ ಗ್ಲೋ-ಜಿಗ್ಬೆಯಲ್ಲಿ ಕೈಗಾರಿಕಾ ವಲಯ ಕಟ್ಟಿಕೊಂಡಿತು.

ಗಡಿಗಳ ತೊಂದರೆ ಇನ್ನೂ ಹಾಗೆಯೇ ಇದೆ. ಒಂದು ದೇಶದಲ್ಲಿ ಬೆಲೆ ಕಡಿಮೆಯಾದರೆ ಬೀಜದ ಚೀಲ ರಾತ್ರೋರಾತ್ರಿ ಪಕ್ಕದ ದೇಶ ಸೇರುತ್ತದೆ. ಐವರಿ ಕೋಸ್ಟ್‌ನಿಂದ ಘಾನಾಕ್ಕೆ ಹೀಗೆ ಹೋಗುವುದು ಹಳೆಯ ತಲೆನೋವು. ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ 2018ರಲ್ಲಿ ಕಿಗಾಲಿಯಲ್ಲಿ ಸಹಿ ಬಿತ್ತು, 2021ರ ಜನವರಿಯಿಂದ ವ್ಯಾಪಾರ ಶುರು ಎಂದು ಸಾರಲಾಯಿತು. ಅದರಡಿ ನೆರೆಹೊರೆಯ ದೇಶಗಳು ಗೇರಿನ ತೆರಿಗೆ ಮತ್ತು ಕನಿಷ್ಠ ಬೆಲೆಯನ್ನು ಒಟ್ಟಿಗೆ ಕೂತು ನಿಗದಿ ಮಾಡಿದರೆ ಕಳ್ಳಸಾಗಣೆಗೆ ಲಾಭವೇ ಉಳಿಯುವುದಿಲ್ಲ. ಈಗಿನ ಮಟ್ಟಿಗೆ ಪ್ರತಿ ದೇಶವೂ ತನ್ನದೇ ನಿಯಮ, ತನ್ನದೇ ಹಂಗಾಮಿನ ಬೆಲೆ ಇಟ್ಟುಕೊಂಡು ನಡೆಯುತ್ತಿದೆ. ಬೆನಿನ್‌ನ ರೈತನಿಗೆ ಕಾರ್ಖಾನೆಯವರು ಕೊಡುವ ಬೆಲೆ ಗಡಿಯಾಚೆಯ ಬೆಲೆಗೆ ಸಮವಾಗಿದ್ದರೆ, ದುಡ್ಡೂ ಹೊತ್ತಿಗೆ ಸರಿಯಾಗಿ ಕೈಗೆ ಬಂದರೆ, ಅವನು ಮುಂದಿನ ಮಳೆಗಾಲಕ್ಕೆ ಹೊಸ ಗಿಡ ನೆಡುತ್ತಾನೆ.