ತಿರುಗಾಟದಲ್ಲಿ ಮೈ ಕೆಡದ ಹಾಗೆ

"ಡಾಕ್ಟ್ರೇ, ನಾಲ್ಕು ದಿನ ಬೆಂಗಳೂರಿಗೆ ಹೋಗಿ ಬಂದ್ರೆ ತಿಂಗಳಿಡೀ ಜಿಮ್‌ನಲ್ಲಿ ಮಾಡಿದ್ದು ಪೂರಾ ವೇಸ್ಟ್!"

ಮಂಗಳೂರಿನ ಯಾವ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಮೆಡಿಕಲ್ ರೆಪ್‌ಗಳು, ಆಡಿಟ್‌ಗೆ ಊರೂರು ಸುತ್ತುವ ಬ್ಯಾಂಕಿನವರು, ಐಟಿಯಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುವವರು, ಮುಂಬೈಯಲ್ಲಿ ಹೋಟೆಲ್ ಇಟ್ಟುಕೊಂಡು ಆಗಾಗ ಮತ್ಸ್ಯಗಂಧ ರೈಲು ಹತ್ತುವವರು, ಗಲ್ಫಿಗೂ ಮನೆಗೂ ಓಡಾಡುವವರು. ಕರಾವಳಿಯವರಿಗೆ ಪ್ರಯಾಣ ಹೊಸತೇನಲ್ಲ. ಆದರೆ ಹೆದರಿಕೆ ಎಲ್ಲರದೂ ಒಂದೇ.

ಮೊದಲು ಆ ಹೆದರಿಕೆಯನ್ನು ಬಿಡಿಸಿಬಿಡುತ್ತೇನೆ. ಸ್ನಾಯುವಿನ ಬಲ ನಾಲ್ಕು ದಿನಕ್ಕೆ ಹೋಗುವಂಥದ್ದಲ್ಲ. ಎರಡು–ಮೂರು ವಾರ ಏನೂ ಮಾಡದಿದ್ದರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ದಮ್ಮು ಸ್ವಲ್ಪ ಬೇಗ ಇಳಿಯುತ್ತದೆ. ಎರಡು ವಾರ ಪೂರ್ತಿ ಬಿಟ್ಟರೆ ಕದ್ರಿ ಗುಡ್ಡದ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ಕನ್ನಡಿಯಲ್ಲಿ ತೋಳು ಸಣ್ಣದಾಗಿ ಕಂಡಿತು ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ಅಷ್ಟು ಬೇಗ ಕಮ್ಮಿಯಾಗುವುದು ಸ್ನಾಯುವಿನೊಳಗೆ ಶೇಖರವಾಗಿದ್ದ ಸಕ್ಕರೆ ಮತ್ತು ಅದು ಹಿಡಿದಿಟ್ಟುಕೊಂಡ ನೀರು. ವ್ಯಾಯಾಮ ಶುರು ಮಾಡಿದ ಕೆಲವೇ ದಿನಕ್ಕೆ ಅದು ಮತ್ತೆ ತುಂಬಿಕೊಳ್ಳುತ್ತದೆ.

ಇನ್ನೊಂದು ಒಳ್ಳೆಯ ಸುದ್ದಿ ಉಂಟು. ಬಲ ಗಳಿಸಲು ಬೇಕಾಗುವಷ್ಟು ಬೆವರು ಅದನ್ನು ಉಳಿಸಿಕೊಳ್ಳಲು ಬೇಡ. ಇದರ ಮೇಲೆ ಅಧ್ಯಯನಗಳು ನಡೆದಿವೆ. ಪ್ರಾಯದವರಿಗೆ ವಾರಕ್ಕೆ ಒಂದೇ ಸಲ, ಒಂದೊಂದು ವ್ಯಾಯಾಮದ ಒಂದೇ ಸೆಟ್ (ನಡುವೆ ನಿಲ್ಲಿಸದೆ ಒಂದು ಸುತ್ತು) ಮಾಡಿದರೂ ಬಲ ತಿಂಗಳುಗಟ್ಟಲೆ ನಿಲ್ಲುತ್ತದೆ. ಅರುವತ್ತು ದಾಟಿದವರಿಗೆ ವಾರಕ್ಕೆ ಎರಡು ಸಲ ಬೇಕು, ಸೆಟ್ಟೂ ಎರಡು–ಮೂರು ಬೇಕು. ಶರತ್ತು ಒಂದೇ: ಮಾಡುವಷ್ಟನ್ನು ಮೈಗೆ ಕಷ್ಟವಾಗುವ ಹಾಗೆ ಮಾಡಬೇಕು. ಹೊತ್ತು ಕಡಿಮೆ ಮಾಡಬಹುದು, ಸಲ ಕಡಿಮೆ ಮಾಡಬಹುದು. ಜೋರು ಕಡಿಮೆ ಮಾಡಬಾರದು. ಓಡುವವರಿಗೂ ಇದೇ ಲೆಕ್ಕ. ವಾರಕ್ಕೆ ಎರಡೇ ಸಲ ಓಡಿದರೂ ನಡೆಯುತ್ತದೆ, ಆದರೆ ಓಡುವಾಗ ಏದುಸಿರು ಬರಬೇಕು.

ಹಾಗಾಗಿ ಪ್ರಯಾಣದಲ್ಲಿ ಇರುವವರಿಗೆ ನಾನು ಹೇಳುವುದು ಇಷ್ಟೇ. ಮನೆಯ ವೇಳಾಪಟ್ಟಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬೇಡಿ. ಇದ್ದದ್ದನ್ನು ಉಳಿಸಿಕೊಂಡು ಬನ್ನಿ, ಸಾಕು. ರಾತ್ರಿ ಹನ್ನೊಂದಕ್ಕೆ ಹೋಟೆಲ್ ರೂಮು ಸೇರಿ, ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು ಒಂದೂವರೆ ಗಂಟೆ ವರ್ಕೌಟ್ ಮಾಡುತ್ತೇನೆ ಎನ್ನುವವರು ಎರಡನೇ ದಿನಕ್ಕೆ ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಇಲ್ಲವೇ ಸೊಂಟ ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾರೆ.

ಸೊಂಟದ ಮಾತು ಬಂತಲ್ಲ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರಯಾಣ ಮಾಡಿ ಬಂದವರಲ್ಲಿ ನಾನು ಹೆಚ್ಚಾಗಿ ನೋಡುವುದು ವ್ಯಾಯಾಮ ತಪ್ಪಿದ ತೊಂದರೆಯಲ್ಲ, ನೈಟ್ ಬಸ್ಸಿನಿಂದ ಇಳಿಯುವ ಹೊತ್ತಿನ ತೊಂದರೆ.

ನಮ್ಮ ಬೆನ್ನುಮೂಳೆಯ ಮಣಿಗಳ ನಡುವೆ ಡಿಸ್ಕ್‌ಗಳಿವೆ. ಹಗಲೆಲ್ಲ ನಿಂತು, ಕೂತು ಇರುವಾಗ ಮೈಭಾರಕ್ಕೆ ಅವುಗಳೊಳಗಿನ ನೀರು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಮಲಗಿದಾಗ ಮತ್ತೆ ಒಳಗೆ ಸೇರುತ್ತದೆ. ಬೆಳಿಗ್ಗೆ ಎದ್ದಾಗ ಡಿಸ್ಕ್ ತುಂಬಿಕೊಂಡು ಬಿಗಿಯಾಗಿರುತ್ತದೆ. ಆಗ ನಾವು ರಾತ್ರಿ ಇದ್ದದ್ದಕ್ಕಿಂತ ಒಂದೆರಡು ಸೆಂಟಿಮೀಟರ್ ಎತ್ತರವೂ ಇರುತ್ತೇವೆ. ಬೇಕಾದರೆ ಗೋಡೆಗೆ ಪೆನ್ಸಿಲಿನಿಂದ ಗುರುತು ಮಾಡಿ ನೋಡಿ. ಬಿಗಿಯಾಗಿರುವ ಡಿಸ್ಕ್ ಬಗ್ಗುವುದಕ್ಕೆ ಒಪ್ಪುವುದಿಲ್ಲ. ಎದ್ದ ಮೊದಲ ಒಂದು ಗಂಟೆಯಲ್ಲಿ ಪೂರಾ ಬಗ್ಗಿದರೆ ಅದರ ಹಿಂಬದಿಗೆ ಬೀಳುವ ಒತ್ತಡ ಸಂಜೆಗಿಂತ ಎಷ್ಟೋ ಜಾಸ್ತಿ.

ಈಗ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬೆಳಿಗ್ಗೆ ಆರು ಗಂಟೆಗೆ ಏನಾಗುತ್ತದೆ ನೋಡಿ. ಸ್ಲೀಪರ್ ಬಸ್ಸಿನಲ್ಲಿ ಏಳೆಂಟು ಗಂಟೆ ಮಲಗಿದ್ದಾಗಿದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಅತ್ತಿತ್ತ ಹೊರಳದ ಹಾಗೆ ನಿದ್ದೆಯಲ್ಲೂ ಮೈ ಬಿಗಿ ಹಿಡಿದದ್ದಾಗಿದೆ. ಕ್ಲೀನರ್ ಬಂದು ತಟ್ಟಿ ಎಬ್ಬಿಸುತ್ತಾನೆ. ಕಣ್ಣುಜ್ಜಿಕೊಂಡು ಮೇಲಿನ ಬರ್ತಿನಿಂದ ಜಿಗಿದು, ಚಪ್ಪಲಿ ಹುಡುಕಿ, ಕೆಳಗಿಳಿದರೆ ಬ್ಯಾಗು ಡಿಕ್ಕಿಯ ಆಚೆ ಮೂಲೆಯಲ್ಲಿರುತ್ತದೆ. ಮೊಣಕಾಲು ನೇರ ಇಟ್ಟು, ಸೊಂಟದಿಂದ ಬಗ್ಗಿ, ಒಂದು ಕೈ ಪೂರಾ ಒಳಗೆ ಚಾಚಿ, ಹಿಡಿ ಸಿಕ್ಕಿದ ಕೂಡಲೇ ಎಳೆದು ಹಾಗೇ ಪಕ್ಕಕ್ಕೆ ತಿರುಗುತ್ತಾರೆ. ಬಗ್ಗುವುದು, ಚಾಚುವುದು, ಎಳೆಯುವುದು, ತಿರುಗುವುದು ನಾಲ್ಕೂ ಒಟ್ಟಿಗೆ. ಡಿಸ್ಕ್‌ಗೆ ಇದಕ್ಕಿಂತ ಕೆಟ್ಟ ವ್ಯಾಯಾಮ ಕೊಡಿ ಅಂದರೆ ನನಗೂ ಹೊಳೆಯಲಿಕ್ಕಿಲ್ಲ.

ಮಾಡಬೇಕಾದ್ದು ಸುಲಭ. ಇಳಿಯುವ ಹತ್ತು ನಿಮಿಷ ಮೊದಲೇ ಎದ್ದು ಕೂತುಕೊಳ್ಳಿ. ಕೆಳಗಿಳಿದ ಮೇಲೆ ಅವಸರದವರೆಲ್ಲ ಮೊದಲು ಹೋಗಲಿ. ನೀವು ನಾಲ್ಕು ಹೆಜ್ಜೆ ಅತ್ತಿತ್ತ ನಡೆಯಿರಿ, ಸೊಂಟಕ್ಕೆ ಕೈಯಿಟ್ಟು ಎರಡು ಸಲ ಹಿಂದಕ್ಕೆ ಬಾಗಿ. ಡಿಕ್ಕಿಯ ಹತ್ತಿರ ಹೋದಾಗ ಒಂದು ಮೊಣಕಾಲು ಮಡಚಿ ಕೆಳಗೆ ಹೋಗಿ, ಬ್ಯಾಗನ್ನು ಮೊದಲು ಅಂಚಿನವರೆಗೆ ಜಾರಿಸಿಕೊಳ್ಳಿ. ಆಮೇಲೆ ಹೊಟ್ಟೆಗೆ ತಾಗಿಸಿ ಹಿಡಿದು ಎತ್ತಿ. ತಿರುಗುವುದಿದ್ದರೆ ಪಾದ ತಿರುಗಿಸಿ, ಸೊಂಟವನ್ನಲ್ಲ. ಊರಿಂದ ಹೋಗುವ ಬ್ಯಾಗಿನಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಅಮ್ಮನ ಉಪ್ಪಿನಕಾಯಿ ಇದ್ದೇ ಇರುತ್ತದೆ ಅಲ್ವಾ? ಅದನ್ನು ಒಂದು ದೊಡ್ಡ ಬ್ಯಾಗಿನ ಬದಲು ಎರಡು ಸಣ್ಣದರಲ್ಲಿ ಹಾಕಿ, ಎರಡು ಕೈಗೂ ಸಮವಾಗುತ್ತದೆ. ಮೊದಲೇ ಸೊಂಟನೋವು ಇರುವವರು ಸುಮ್ನೆ ಮೇಲಿನ ಬರ್ತು ಬುಕ್ ಮಾಡಬೇಡಿ. ಕೆಳಗಿನದು ಸಿಕ್ಕಿದರೆ ಮಗ್ಗುಲಾಗಿ ಮಲಗಿ, ಮೊಣಕಾಲುಗಳ ನಡುವೆ ಹೊದಿಕೆಯನ್ನು ಸುರುಳಿ ಸುತ್ತಿ ಇಟ್ಟುಕೊಳ್ಳಿ.

ರೈಲಿನವರು ಈ ವಿಷಯದಲ್ಲಿ ಪುಣ್ಯವಂತರು. ಎದ್ದು ನಡೆಯಬಹುದು. ಒಂದು ಬೋಗಿ ಇಪ್ಪತ್ತೆರಡು–ಇಪ್ಪತ್ತನಾಲ್ಕು ಮೀಟರ್ ಉದ್ದ ಇರುತ್ತದೆ. ಹತ್ತು ಸಲ ಹೋಗಿ ಬಂದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಮಡಗಾಂವ್‌ನಂಥ ದೊಡ್ಡ ಸ್ಟೇಷನ್ ಬಂದಾಗ ಇಳಿದು ಪ್ಲಾಟ್‌ಫಾರ್ಮಿನಲ್ಲಿ ಎರಡು ಸುತ್ತು ಹಾಕಬಹುದು. ರೈಲು ಬಿಡುವ ಹೊತ್ತಿನ ಮೇಲೆ ಕಣ್ಣಿರಲಿ.

ಬೈಕು, ಕಾರಿನಲ್ಲಿ ಮಂಗಳೂರು–ಕುಂದಾಪುರ ಅಂತ ದಿನಾ ತಿರುಗುವವರಿಗೆ ಎರಡೇ ಮಾತು. ಹಿಂದಿನ ಕಿಸೆಯ ಪರ್ಸ್ ತೆಗೆದು ಮುಂದೆ ಇಟ್ಟುಕೊಳ್ಳಿ. ಅದರ ಮೇಲೆ ಗಂಟೆಗಟ್ಟಲೆ ಕೂತರೆ ಸೊಂಟ ಓರೆಯಾಗುತ್ತದೆ, ಕಾಲಿಗೆ ಹೋಗುವ ನರಕ್ಕೂ ಒತ್ತು ಬೀಳುತ್ತದೆ. ಮತ್ತೆ, ಪಡುಬಿದ್ರಿಯಲ್ಲಿ ಚಹಾಕ್ಕೆ ನಿಲ್ಲಿಸಿದರೆ ಕೂತು ಕುಡಿಯಬೇಡಿ, ನಿಂತು ಕುಡಿಯಿರಿ.

ಇನ್ನು ರೂಮಿನ ವ್ಯಾಯಾಮ. ಲಾಡ್ಜಿನಲ್ಲಿ ಜಿಮ್ ಇಲ್ಲ ಅಂತ ದೂರುವವರಿಗೆ ನಾನು ಬಚ್ಚಲುಮನೆ ತೋರಿಸುತ್ತೇನೆ. ಅಲ್ಲಿ ಒಂದು ಬಕೆಟ್ ಇರುತ್ತದೆ. ಒಂದು ಲೀಟರ್ ನೀರಿಗೆ ಒಂದು ಕಿಲೋ, ಲೆಕ್ಕ ಸುಲಭ. ಹತ್ತು ಲೀಟರ್ ತುಂಬಿಸಿ ಒಂದು ಕೈಯಲ್ಲಿ ಹಿಡಿದು ರೂಮಿನಲ್ಲಿ ನೆಟ್ಟಗೆ ನಡೆಯಿರಿ. ಮೈ ಬಕೆಟ್ ಇರುವ ಬದಿಗೆ ವಾಲಬಾರದು. ಒಂದು ನಿಮಿಷ ಆದ ಮೇಲೆ ಕೈ ಬದಲಿಸಿ. ಹೊಟ್ಟೆಯ ಬದಿಯ ಸ್ನಾಯು, ಭುಜ, ಹಿಡಿತ ಎಲ್ಲಕ್ಕೂ ಕೆಲಸ ಸಿಗುತ್ತದೆ. ಹಿಡಿ ಗಟ್ಟಿ ಉಂಟಾ ಅಂತ ಮೊದಲು ನೋಡಿಕೊಳ್ಳಿ, ಒದ್ದೆ ನೆಲದ ಮೇಲೆ ಮಾಡಲೇಬೇಡಿ. ರೂಮಿಡೀ ನೀರಾಗುವ ಹೆದರಿಕೆ ಇದ್ದರೆ ಬ್ಯಾಗ್‌ಪ್ಯಾಕಿಗೆ ಲ್ಯಾಪ್‌ಟಾಪ್ ಬಿಟ್ಟು ಉಳಿದದ್ದೆಲ್ಲ ತುಂಬಿಸಿ, ಅದೇ ಭಾರ.

ಅದರ ಜೊತೆಗೆ ಬಸ್ಕಿ ಮತ್ತು ದಂಡ. ನಮ್ಮ ಅಜ್ಜಂದಿರ ಗರಡಿ ವ್ಯಾಯಾಮಕ್ಕೆ ಆರಡಿ ಜಾಗ ಇದ್ದರೆ ಆಯಿತು. ಬಸ್ಕಿಯನ್ನು ಬೇಗ ಬೇಗ ಐವತ್ತು ಹೊಡೆಯುವುದಕ್ಕಿಂತ ಮೂರು ಎಣಿಸುತ್ತಾ ಇಳಿದು, ಕೆಳಗೆ ಒಂದು ಕ್ಷಣ ನಿಂತು, ಏಳುವುದು ವಾಸಿ. ಭಾರ ಇಲ್ಲದಿದ್ದರೂ ಹದಿನೈದಕ್ಕೆ ತೊಡೆ ನಡುಗುತ್ತದೆ. ಮಂಡಿನೋವು ಇರುವವರು ಮಂಚದ ಅಂಚಿಗೆ ಕೂತು, ಕೈ ಊರದೆ ಎದ್ದರೆ ಸಾಕು. ನೆಲದಲ್ಲಿ ದಂಡ ಆಗದವರು ಗೋಡೆಗೆ, ಇಲ್ಲವೇ ಅಲ್ಲಾಡದ ಮೇಜಿಗೆ ಕೈಕೊಟ್ಟು ಮಾಡಬಹುದು. ಎಷ್ಟು ಮಾಡಬೇಕು ಅಂತ ಕೇಳುತ್ತಾರೆ. ಕೊನೆಯ ಎರಡು–ಮೂರು ಕಷ್ಟ ಆಗಬೇಕು, ಅಷ್ಟೇ ಲೆಕ್ಕ. ಎಲ್ಲ ಸೇರಿ ಹದಿನೈದು ನಿಮಿಷ. ಮೂರನೇ ಮಾಳಿಗೆಯಲ್ಲಿ ರೂಮು ಸಿಕ್ಕಿದರೆ ಲಿಫ್ಟ್ ಬಿಟ್ಟುಬಿಡಿ.

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ. ಮೊದಲು ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಬೇಕು ಎಂಬ ನಿಯಮ ಇತ್ತು. 2020ರ ಮಾರ್ಗಸೂಚಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅಂದರೆ ಮೀಟಿಂಗಿಗೆ ಹೋಗುವಾಗ ಆಟೋ ಬಿಟ್ಟು ಬಿರಬಿರನೆ ನಡೆದ ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ. ತಿರುಗಾಟದವರಿಗೆ ಇದಕ್ಕಿಂತ ಅನುಕೂಲದ ನಿಯಮ ಇನ್ನೆಲ್ಲಿ?

ಇನ್ನು ಸ್ವಲ್ಪ ಗಂಭೀರ ವಿಷಯ. ಮೀನಖಂಡದ ಸ್ನಾಯು ಒಂದೊಂದು ಸಲ ಬಿಗಿಯಾದಾಗಲೂ ಕಾಲಿನ ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಅಲ್ಲಾಡದೆ ಕೂತರೆ ರಕ್ತ ಅಲ್ಲೇ ನಿಧಾನವಾಗುತ್ತದೆ, ಒಮ್ಮೊಮ್ಮೆ ಹೆಪ್ಪುಗಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಪ್ರಯಾಣ ಮಾಡಿದವರಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹೆದರಬೇಡಿ, ಎರಡು ಪಟ್ಟು ಅಂದರೂ ಆರು ಸಾವಿರಕ್ಕೆ ಒಬ್ಬರಿಗೆ. ಆದರೆ ಇದು ವಿಮಾನದ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಬಸ್ಸು, ರೈಲು, ಕಾರು ಯಾವುದರಲ್ಲಿ ಅಲ್ಲಾಡದೆ ಕೂತರೂ ಒಂದೇ. ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು, ಬಾಣಂತಿಯರು, ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೊದಲೊಮ್ಮೆ ಹೆಪ್ಪುಗಟ್ಟಿದ್ದವರು ಹೊರಡುವ ಮೊದಲೇ ವೈದ್ಯರನ್ನು ಕೇಳಬೇಕು. ಉಳಿದವರು ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸಿ, ಆಮೇಲೆ ಬೆರಳು ಎತ್ತಿ ಇಳಿಸಿ. ಇಪ್ಪತ್ತು ಸಲ. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಪ್ರಯಾಣದ ನಂತರ ಒಂದೇ ಕಾಲು ಊದಿ, ಮೀನಖಂಡ ನೋವಾಗಿ ಬೆಚ್ಚಗಿದ್ದರೆ ಎಣ್ಣೆ ಹಚ್ಚಿ ಉಜ್ಜಬೇಡಿ. ಆಸ್ಪತ್ರೆಗೆ ಹೋಗಿ. ಅದರ ಜೊತೆಗೆ ಎದೆನೋವು, ಉಸಿರುಗಟ್ಟುವುದು ಇದ್ದರೆ ಒಂದು ಕ್ಷಣವೂ ಕಾಯಬೇಡಿ.

ನೀರು ಕುಡಿಯಿರಿ ಅಂದರೆ ಹೆಂಗಸರು ನಗುತ್ತಾರೆ. ಯಾಕೆ ಅಂತ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಶೌಚಾಲಯ ಇಲ್ಲ, ನಿಲ್ಲಿಸುವ ಕಡೆ ಇರುವುದು ಹೋಗುವ ಹಾಗಿರುವುದಿಲ್ಲ. ಹಾಗಾಗಿ ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಇದು ಅವರ ತಪ್ಪಲ್ಲ, ನಮ್ಮ ರಸ್ತೆಗಳ ತಪ್ಪು. ಅದು ಸರಿಯಾಗುವವರೆಗೆ ಒಂದು ದಾರಿ: ಸಂಜೆಯವರೆಗೆ ಚೆನ್ನಾಗಿ ಕುಡಿದು, ಹೊರಡುವ ಎರಡು ಗಂಟೆ ಮೊದಲು ನಿಲ್ಲಿಸಿ. ಬಸ್ಸಿನಲ್ಲಿ ಬಾಯಿ ಒದ್ದೆ ಮಾಡಿಕೊಳ್ಳುವಷ್ಟು, ಇಳಿದ ಕೂಡಲೇ ಎರಡು ಲೋಟ.

ಹೊರಗಿಂದ ನಮ್ಮೂರಿಗೆ ಬರುವವರಿಗೂ ಒಂದು ಮಾತು. ಬೆಂಗಳೂರಿನಲ್ಲಿ ದಿನಾ ಐದು ಕಿಲೋಮೀಟರ್ ಓಡುತ್ತೇನೆ ಅಂತ ಅದೇ ವೇಗದಲ್ಲಿ ಪಣಂಬೂರಿನ ಮರಳಿನಲ್ಲಿ ಓಡಬೇಡಿ ಮಾರಾಯ್ರೇ. ಮೆತ್ತನೆ ಮರಳಿನಲ್ಲಿ ನಡೆಯುವುದಕ್ಕೇ ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಮೇಲಿಂದ ನಮ್ಮ ಸೆಖೆ. ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ದೇಹ ಇದಕ್ಕೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರೊಳಗೆ ನೀವು ವಾಪಸ್ ಹೋಗಿರುತ್ತೀರಿ. ಅದಕ್ಕೆ ಸೂರ್ಯ ಏರುವ ಮೊದಲು, ನೀರಿನಂಚಿನ ಗಟ್ಟಿ ಮರಳಿನಲ್ಲಿ ನಡೆಯಿರಿ. ಕಡಲತೀರ ಒಂದು ಬದಿಗೆ ಇಳಿಜಾರಾಗಿರುತ್ತದೆ. ಹೋದಷ್ಟೇ ದೂರ ಅದೇ ದಾರಿಯಲ್ಲಿ ತಿರುಗಿ ಬಂದರೆ ಎರಡು ಕಾಲಿಗೂ ಸಮ.

ನಿದ್ದೆಯ ಬಗ್ಗೆ ಹೇಳುವಾಗ ನನಗೆ ಯಕ್ಷಗಾನ ಮೇಳದವರೇ ನೆನಪಾಗುತ್ತಾರೆ. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಊರಿಂದೂರಿಗೆ ತಿರುಗಾಟ, ರಾತ್ರಿ ಭಾರದ ವೇಷ ಕಟ್ಟಿ ಕುಣಿತ. ಈಗ ಕಾಲಮಿತಿ ಆಟಗಳು ಜಾಸ್ತಿಯಾಗಿವೆ, ಆದರೂ ನಿದ್ದೆ ಏರುಪೇರೇ. ಅನುಭವಸ್ಥ ಕಲಾವಿದರು ಹಗಲು ಸಿಕ್ಕಿದಲ್ಲಿ, ಕತ್ತಲೆ ಮಾಡಿಕೊಂಡು, ಒಂದೇ ಹೊತ್ತಿಗೆ ಮಲಗುತ್ತಾರೆ. ನಿದ್ದೆಯನ್ನು ಅವರು ಕೆಲಸದಷ್ಟೇ ಶಿಸ್ತಿನಿಂದ ಮಾಡುತ್ತಾರೆ. ನಾವು ಬಸ್ಸಿನಲ್ಲಿ ಅರೆನಿದ್ದೆ ಮಾಡಿ, ಬೆಳಿಗ್ಗೆ ಜಿಮ್‌ಗೆ ಹೋಗಿ ಭಾರ ಎತ್ತುತ್ತೇವೆ! ರಾತ್ರಿ ನಿದ್ದೆಗೆಟ್ಟ ದಿನ ನಡಿಗೆ ಸಾಕು.

ಎರಡು ವಾರಕ್ಕಿಂತ ಹೆಚ್ಚು ದಿನ ಎಲ್ಲ ಬಿಟ್ಟು ಬಂದಿದ್ದರೆ ಮೊದಲ ದಿನ ಹಳೆಯ ಭಾರದ ಮೂರನೇ ಎರಡು ಪಾಲಿಗಿಂತ ಮೇಲೆ ಹೋಗಬೇಡಿ, ಸೆಟ್ಟುಗಳನ್ನೂ ಅರ್ಧ ಮಾಡಿ. ಮೈಕೈ ನೋವು ಎರಡು–ಮೂರನೇ ದಿನ ಏರಿ ಆಮೇಲೆ ಇಳಿಯುತ್ತದೆ, ಅದು ಮಾಮೂಲಿ. ಆದರೆ ಸ್ನಾಯು ಊದಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಮಾಮೂಲಿ ಅಲ್ಲ. ಸ್ನಾಯು ಒಡೆದು ಅದರೊಳಗಿನದ್ದು ಕಿಡ್ನಿಗೆ ಹೋಗುತ್ತಿರುತ್ತದೆ. ಫಿಸಿಯೋ ಹತ್ತಿರ ಬರಬೇಡಿ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.