ಸ್ಕ್ಯಾನ್ ಹಾಕುವಾಗ ಕಂಪ್ಯೂಟರ್ ಸದ್ದು ಮಾಡ್ತದಾ? ಮೊದ್ಲು ಎಲ್ಲಿಂದ ಅಂತ ಕೇಳಿ

ಆಂಟಿವೈರಸ್ ಸ್ಕ್ಯಾನ್ ನಡೀತಿರುವಾಗ ಸಿಪಿಯು ಪೆಟ್ಟಿಗೆಯ ಒಳಗಿಂದ ಒಂದೇ ತಾಳದಲ್ಲಿ ಟಕ್... ಟಕ್... ಅಂತ ಕೇಳಿದ್ರೆ ಸ್ಕ್ಯಾನ್ ಮುಗೀಲಿ ಅಂತ ಕಾಯ್ಬೇಡಿ, ಕೂಡ್ಲೆ ನಿಲ್ಸಿ. ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳ ಕಡೆ ರಿಪೇರಿಗೆ ಹೋದಲ್ಲೆಲ್ಲ ನಾನು ಇದನ್ನೇ ಹೇಳುವುದು, ಯಾಕಂದ್ರೆ ಎಲ್ರೂ ಮೊದ್ಲು ಕೇಳುವುದು "ಅಣ್ಣಾ, ಅದು ವೈರಸ್ಸಾ?" ಅಂತ. ಅಲ್ಲ ಮಾರಾಯ್ರೆ, ವೈರಸ್ಸಿಗೆ ಬೇಕಾದ್ದೇ ನಿಮ್ಗೆ ಗೊತ್ತಾಗದ ಹಾಗೆ ಒಳಗೆ ಕೂತ್ಕೊಳ್ಳುವುದು. ಆ ಟಕ್ ಟಕ್ ನಿಮ್ಮ ಫೈಲುಗಳೆಲ್ಲ ಇರುವ ಹಾರ್ಡ್ ಡಿಸ್ಕಿನದ್ದು.

ಫುಲ್ ಸ್ಕ್ಯಾನ್ ಅಂದ್ರೆ ಡಿಸ್ಕಲ್ಲಿ ಇರುವ ಫೈಲುಗಳನ್ನೆಲ್ಲ ಒಂದೊಂದಾಗಿ ತೆರೆದು ಓದುವುದು, ನೀವು ಎಷ್ಟೋ ವರ್ಷದಿಂದ ಮುಟ್ಟದ ಹಳೇ ಮದುವೆ ಫೋಟೋ ಕೂಡ ಅದ್ರಲ್ಲಿ ಬಂತು. ಹಾಗಾಗಿ ದಿನಾ ಬಳಸುವಾಗ ಕಾಣದ ಕೆಟ್ಟ ಜಾಗ ಸ್ಕ್ಯಾನಲ್ಲಿ ಸಿಕ್ಕಿಬೀಳ್ತದೆ. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗ್ತಾ ಇರ್ತದೆ, ಓದುವ ಹೆಡ್ ಅದ್ರ ಮೇಲೆ ಕೂದಲೆಳೆಗಿಂತ ಎಷ್ಟೋ ಕಮ್ಮಿ ಅಂತರದಲ್ಲಿ ಓಡಾಡ್ತದೆ. ಅದು ಓಡಾಡುವಾಗ ಕರ ಕರ ಅಂತ ತಾಳ ಇಲ್ಲದ ಸಣ್ಣ ಸದ್ದು ಬರುವುದು ಸಹಜ, ಹೆದ್ರಬೇಡಿ. ಆದ್ರೆ ಒಂದು ಜಾಗ ಓದ್ಲಿಕ್ಕೇ ಆಗದಿದ್ರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದ್ಲಿಕ್ಕೆ ನೋಡ್ತದೆ, ಹೆಡ್ಡಿಗೇ ಪೆಟ್ಟಾಗಿದ್ರೆ ಅದು ವಾಪಸ್ ಹೋಗಿ ಪುನಃ ಬರ್ತದೆ, ಪುನಃ ಸೋಲ್ತದೆ, ಆ ಟಕ್ ಟಕ್ ಅದೇ. ಜೊತೆಗೆ ಮೌಸ್ ಎಲ್ಲ ಸ್ತಬ್ಧ, ಸ್ಕ್ಯಾನ್ ಒಂದೇ ಫೈಲಲ್ಲಿ ನಿಂತಿರ್ತದೆ.

ಆಗ ಮೊದ್ಲ ಕೆಲ್ಸ ಬ್ಯಾಕಪ್. ಅಂಗಡಿಯ ಲೆಕ್ಕದ ಫೋಲ್ಡರ್, ಜಾಗದ ಆಧಾರದ (ನೋಂದಣಿ ಪತ್ರದ) ಸ್ಕ್ಯಾನ್ ಕಾಪಿ, ಮಕ್ಕಳ ಫೋಟೋ, ಈ ಕ್ರಮದಲ್ಲಿ ಬೇರೆ ಡಿಸ್ಕಿಗೆ ಹಾಕಿ, ಸಿನಿಮಾ ಗಿನಿಮಾ ಕೊನೆಗೆ. ಹೆಚ್ಚಿನವ್ರು ಯಾರೋ ಹೇಳಿದ್ರು ಅಂತ ಸೀದಾ ಚೆಕ್‌ಡಿಸ್ಕ್, ಅಂದ್ರೆ ವಿಂಡೋಸಿನದ್ದೇ ಡಿಸ್ಕ್ ಪರೀಕ್ಷೆ, ಓಡಿಸ್ತಾರೆ, ಸಾಯ್ಲಿಕ್ಕಾದ ಡಿಸ್ಕನ್ನು ಮೂಲೆಮೂಲೆ ಓದಿಸಿದ್ರೆ ಅಲ್ಲೇ ಕೈ ಕೊಟ್ಟೀತು. ಕಾಪಿ ಆದ್ಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಮ್ ಹಾಕಿ 05, ಸಿ5 (C5), ಸಿ6 (C6) ಈ ಮೂರು ಸಾಲು ನೋಡಿ, ಕೆಟ್ಟ ಜಾಗದ ಲೆಕ್ಕ ಅಲ್ಲಿರ್ತದೆ. ಕೊನೆಯ ಕಾಲಮಿನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು, ಅದು ಏರ್ತಾನೂ ಇದ್ರೆ ಆ ಡಿಸ್ಕನ್ನು ನಂಬ್ಬೇಡಿ. ಹಾರ್ಡ್ ಡಿಸ್ಕಿನ ಬದ್ಲು ಎಸ್ಸೆಸ್ಡಿ (SSD, ಚಿಪ್ಪಿನ ಡಿಸ್ಕ್) ಇದ್ದವ್ರಿಗೆ ಈ ಟಕ್ ಟಕ್ ಚಿಂತೆ ಇಲ್ಲ, ಅದ್ರಲ್ಲಿ ಅಲ್ಲಾಡುವ ಭಾಗವೇ ಇಲ್ಲ, ಸದ್ದೂ ಇಲ್ಲ. ಸದ್ದಿಲ್ಲದೆಯೇ ಹೋಗ್ತದೆ ಅದು, ಹಾಗಾಗಿ ಬ್ಯಾಕಪ್ ಅದಕ್ಕೂ ಬೇಕು.

ಭರ್ರ್ ಅಂತ ಗಾಳಿಯ ಸದ್ದಾದ್ರೆ ಫ್ಯಾನು. ಸ್ಕ್ಯಾನಿಗೆ ಪ್ರೊಸೆಸರ್ ದುಡೀತದೆ, ಬಿಸಿ ಏರ್ತದೆ, ಫ್ಯಾನ್ ಜೋರಾಗ್ತದೆ, ಅಷ್ಟೆ. ನಮ್ಮಲ್ಲಿ ಬೇಸಗೆಯ ಮುರಕಲ್ಲಿನ ಕೆಂಪು ಧೂಳು ಮಳೆಗಾಲದ ಪಸೆಗೆ ಹಿಡ್ಕೊಂಡು ಪ್ರೊಸೆಸರಿನ ಬಿಸಿ ಎಳೆಯುವ ಹೀಟ್‌ಸಿಂಕ್ ಮೇಲೆ ಗಟ್ಟಿ ಕೂತಿರ್ತದೆ, ಮೆತ್ತಗಿನ ಬ್ರಷ್ಷಲ್ಲಿ ತೆಗೀರಿ. ಬ್ಲೋವರ್ ಹಿಡಿಯುವಾಗ ಕರೆಂಟ್ ತೆಗೆದೇ ಫ್ಯಾನಿನ ಎಲೆಯನ್ನು ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ, ಇಲ್ದಿದ್ರೆ ಗಾಳಿಗೆ ವಿಪರೀತ ತಿರುಗಿ ಬೇರಿಂಗ್ ಹಾಳಾಗ್ತದೆ.

ಇನ್ನು ಟಿಂಗ್, ಬೀಪ್ ಈ ಜಾತಿಯ ಸದ್ದು. ಸ್ಪೀಕರ್ ಮ್ಯೂಟ್ ಮಾಡಿ. ನಿಂತ್ರೆ ಅದು ಸಾಫ್ಟ್‌ವೇರಿನದ್ದು, ವಿಂಡೋಸಿನ ವಾಲ್ಯೂಮ್ ಮಿಕ್ಸರಲ್ಲಿ ಒಂದೊಂದೇ ಪ್ರೋಗ್ರಾಮಿನ ಸದ್ದು ನಿಲ್ಸಿ ನೋಡಿದ್ರೆ ಯಾವ್ದರದ್ದು ಅಂತ ಗೊತ್ತಾಗ್ತದೆ. ಟಿಡಿಂಗ್ ಟಿಡಿಂಗ್ ಅಂತ ಜೋಡಿಯಾಗಿ ಬರ್ತಿದ್ರೆ ಯಾವ್ದೋ ಯುಎಸ್‌ಬಿ ಲೂಸಾಗಿದೆ. ಮ್ಯೂಟ್ ಮಾಡಿದ್ರೂ ಬೀಪ್ ನಿಲ್ಲದಿದ್ರೆ ಮೇಜಿನ ಕೆಳಗೆ ಬಗ್ಗಿ ಯುಪಿಎಸ್ ನೋಡಿ, ಬ್ಯಾಟರಿ ಹಳೆಯದಾಗಿರ್ಲಿಕ್ಕೂ ಸಾಕು.

ಬ್ರೌಸರಲ್ಲಿ ಸೈರನ್ ಹೊಡೆದು, "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ" ಅಂತ ಹೆಂಗಸಿನ ದನಿ ಕೂಗಿ, ಸ್ಕ್ಯಾನ್ ಓಡ್ತಿರುವ ಹಾಗೆ ಪರದೆ ತೋರಿಸಿ ಫೋನ್ ನಂಬ್ರ ಕೊಡುವುದುಂಟಲ್ಲ, ಅದು ಸ್ಕ್ಯಾನೇ ಅಲ್ಲ, ಶುದ್ಧ ಮೋಸ, ಇದ್ರಲ್ಲಿ ವಯಸ್ಸಾದವ್ರು ಹಣ ಕಳ್ಕೊಳ್ಳುವುದು ನೋಡಿದ್ರೆ ಹೊಟ್ಟೆ ಉರೀತದೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬ್ರ ಇರುವುದೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಲ್ಲಿ ಬ್ರೌಸರನ್ನು ಮುಗಿಸಿ, ಪುನಃ ತೆರೆಯುವಾಗ ಹಳೇ ಪುಟ ತೆರೀಲಾ ಅಂತ ಕೇಳಿದ್ರೆ ಬೇಡ ಅನ್ನಿ. ಆ ನಂಬ್ರಕ್ಕೆ ಫೋನ್ ಮಾಡಿ ಅವ್ರಿಗೆ ರಿಮೋಟ್ (ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸುವ ಅನುಮತಿ) ಕೊಟ್ಟಾಗಿದ್ರೆ ನೆಟ್ ಕಡೀರಿ, ಹಣ ಹೋಗಿದ್ರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಆಗ್ಲೇ ಕರೆ ಮಾಡಿ, ನಾಳೆಗೆ ಇಡ್ಬೇಡಿ.