ಮರುಕಳಿಸುವ ದೈತ್ಯಕೋಶ ಗೆಡ್ಡೆ: ರೋಗನಿರ್ಣಯದ ಟಿಪ್ಪಣಿ

ವಾರ್ಡಿನಲ್ಲಿ ಎಲ್ಲರೂ ಜಿಸಿಟಿ ಎಂದು ಕರೆಯುವ ಮೂಳೆಯ ದೈತ್ಯಕೋಶ ಗೆಡ್ಡೆಯನ್ನು ಓದುವಾಗ ಮೊದಲೇ ಗಟ್ಟಿಮಾಡಿಕೊಳ್ಳಬೇಕಾದ ಸಂಗತಿಯೊಂದಿದೆ: ಸೂಕ್ಷ್ಮದರ್ಶಕದಲ್ಲಿ ದೈತ್ಯಕೋಶಗಳು ಕಂಡವೆಂಬ ಮಾತ್ರಕ್ಕೆ ಅದು ಜಿಸಿಟಿ ಆಗುವುದಿಲ್ಲ. ಅಂಥ ಬಹುಕೇಂದ್ರಕ ಕೋಶಗಳು ಹಲವು ಮೂಳೆರೋಗಗಳಲ್ಲಿ ಸಿಗುತ್ತವೆ. ಜಿಸಿಟಿಯಲ್ಲಿ ನಿಜವಾದ ಗೆಡ್ಡೆಕೋಶ ಅವುಗಳ ನಡುವೆ ಹರಡಿಕೊಂಡಿರುವ ಏಕಕೇಂದ್ರಕ ಸ್ಟ್ರೋಮಲ್ ಕೋಶ (ಆಧಾರ ಅಂಗಾಂಶದ ಕೋಶ). ಅದು ರ‍್ಯಾಂಕ್ ಲಿಗ್ಯಾಂಡ್ ಎಂಬ ಪ್ರೋಟೀನಿನ ಮೂಲಕ ದೈತ್ಯಕೋಶಗಳನ್ನು ರೂಪಿಸಿ, ಅವುಗಳಿಂದ ಮೂಳೆಯನ್ನು ಕರಗಿಸುತ್ತದೆ.

ಆದ್ದರಿಂದ ನಿರ್ಣಯ ಶುರುವಾಗುವುದು ಸ್ಲೈಡಿನಿಂದಲ್ಲ, ವಯಸ್ಸು ಮತ್ತು ಜಾಗದಿಂದ. ಬೆಳವಣಿಗೆಯ ಫಲಕ (ಮೂಳೆಯನ್ನು ಉದ್ದಕ್ಕೆ ಬೆಳೆಸುವ, ತುದಿಯ ಬಳಿಯ ಮೃದ್ವಸ್ಥಿಯ ಪದರ) ಮುಚ್ಚಿದ ಮೇಲೆ, ಹೆಚ್ಚಾಗಿ 20ರಿಂದ 45 ವರ್ಷದೊಳಗೆ, ತೊಡೆಮೂಳೆಯ ಕೆಳತುದಿ, ಟಿಬಿಯಾದ (ಮೊಣಕಾಲ ಕೆಳಗಿನ ದೊಡ್ಡ ಮೂಳೆ) ಮೇಲ್ತುದಿ, ರೇಡಿಯಸ್‌ನ (ಮುಂಗೈಯ ಹೆಬ್ಬೆರಳ ಬದಿಯ ಮೂಳೆ) ಕೆಳತುದಿ ಅಥವಾ ಬೆನ್ನೆಲುಬಿನ ಬುಡದ ಸೇಕ್ರಮ್‌ನಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ಮೂಳೆಯ ಒಂದು ಬದಿಗೆ ಸರಿದು, ಸುತ್ತ ಗಟ್ಟಿ ಅಂಚಿಲ್ಲದೆ, ಕೀಲಿನ ಮೃದ್ವಸ್ಥಿಯ ಬುಡದವರೆಗೂ ಮುಟ್ಟಿರುವ ಕರಗಿದ ಭಾಗ ಇದರ ಸಾಮಾನ್ಯ ಚಿತ್ರ. ಫಲಕ ಇನ್ನೂ ತೆರೆದಿರುವ ಮಗುವಿನಲ್ಲಿ ಈ ಹೆಸರು ಬರೆಯುವ ಮೊದಲು ಮತ್ತೊಮ್ಮೆ ಯೋಚಿಸಬೇಕು. ಏಷ್ಯಾದ ವರದಿಗಳಲ್ಲಿ ಇದರ ಪಾಲು ಪಾಶ್ಚಾತ್ಯ ವರದಿಗಳಿಗಿಂತ ಹೆಚ್ಚಾಗಿರುವುದರಿಂದ, ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಇದು ಪರೀಕ್ಷೆಗಾಗಿ ಮಾತ್ರ ಓದುವ ವಿಷಯವಲ್ಲ.

ಗೊಂದಲ ಹುಟ್ಟಿಸುವ ರೋಗಗಳಲ್ಲಿ ಅತಿ ಸುಲಭವಾಗಿ ತಪ್ಪಿಸಬಹುದಾದದ್ದು ಹೈಪರ್‌ಪ್ಯಾರಾಥೈರಾಯ್ಡಿಸಮ್‌ನ (ಪ್ಯಾರಾಥೈರಾಯ್ಡ್ ಹಾರ್ಮೋನ್ ಅತಿಯಾಗಿ ಸ್ರವಿಸುವ ಸ್ಥಿತಿ) ಬ್ರೌನ್ ಟ್ಯೂಮರ್. ಸ್ಲೈಡಿನಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಆದರೆ ರಕ್ತದ ಕ್ಯಾಲ್ಸಿಯಂ, ಫಾಸ್ಫರಸ್ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿದರೆ ದಾರಿ ಸ್ಪಷ್ಟವಾಗುತ್ತದೆ. ಬಯಾಪ್ಸಿಗೆ ಮುಂಚೆಯೇ ಈ ಪರೀಕ್ಷೆ ಮಾಡಿಸದಿರುವುದಕ್ಕೆ ನನ್ನ ಪ್ರಕಾರ ಯಾವ ನೆಪವೂ ಇಲ್ಲ. ಮೂಳೆಯೊಳಗೆ ರಕ್ತ ತುಂಬಿದ ಪೊಳ್ಳುಗಳಾಗುವ ಅನ್ಯೂರಿಸ್ಮಲ್ ಬೋನ್ ಸಿಸ್ಟ್ ವಿಷಯ ಬೇರೆ: ಎಂಆರ್‌ಐಯಲ್ಲಿ ಕಾಣುವ ದ್ರವದ ಮಟ್ಟಗಳು ಜಿಸಿಟಿಯೊಳಗೂ ಇರಬಲ್ಲವು, ಹಾಗಾಗಿ ಅದೊಂದೇ ಸಾಕ್ಷಿಯಾಗದು, ಪ್ರಾಥಮಿಕ (ಬೇರೆ ಗೆಡ್ಡೆಯಿಲ್ಲದೆ ತಾನಾಗಿ ಹುಟ್ಟಿದ) ಸಿಸ್ಟ್‌ಗಳಲ್ಲಿ ಬಹುಪಾಲು ಯುಎಸ್‌ಪಿ6 ಜೀನಿನ ಮರುಜೋಡಣೆಯನ್ನು ತೋರಿಸುತ್ತವೆ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಟೆಲ್ಯಾಂಜಿಯೆಕ್ಟಾಟಿಕ್ ಆಸ್ಟಿಯೋಸಾರ್ಕೋಮಾವನ್ನು (ರಕ್ತ ತುಂಬಿದ ಪೊಳ್ಳುಗಳಿರುವ ಮೂಳೆ ಕ್ಯಾನ್ಸರ್) ಸೌಮ್ಯ ಗೆಡ್ಡೆಯೆಂದು ತಿಳಿದು ಕೆರೆದು ಬಿಡುವುದು. ಸ್ಟ್ರೋಮಲ್ ಕೋಶಗಳ ಕೇಂದ್ರಕಗಳು ವಿಕಾರವಾಗಿದ್ದರೆ, ಕೋಶವಿಭಜನೆಗಳು ಅಸಹಜವಾಗಿದ್ದರೆ, ಅಲ್ಲೇ ನಿಲ್ಲಬೇಕು.

ಬಹುತೇಕ ಜಿಸಿಟಿಗಳಲ್ಲಿ ಎಚ್3ಎಫ್3ಎ ಜೀನಿನ ಜಿ34 ಸ್ಥಾನದ ರೂಪಾಂತರ ಇರುತ್ತದೆಂದು 2013ರಲ್ಲಿ ಪ್ರಕಟವಾದ ಮೇಲೆ ಈ ಕೆಲಸ ಹಗುರವಾಗಿದೆ. ಆ ರೂಪಾಂತರದ ಸಾಮಾನ್ಯ ಬಗೆಯಾದ ಜಿ34ಡಬ್ಲ್ಯೂವನ್ನು ಗುರುತಿಸುವ ಪ್ರತಿಕಾಯದ ಬಣ್ಣಲೇಪನ ಸಣ್ಣ ಬಯಾಪ್ಸಿ ತುಣುಕಿನಲ್ಲೂ ಉಪಯೋಗಕ್ಕೆ ಬರುತ್ತದೆ. ಮೃದ್ವಸ್ಥಿ ಬಗೆಯ ಸೌಮ್ಯ ಮೂಳೆಗೆಡ್ಡೆಯಾದ ಕಾಂಡ್ರೋಬ್ಲಾಸ್ಟೋಮಾದಲ್ಲಿ ಸಾಮಾನ್ಯವಾಗಿ ಸಿಗುವುದು ಎಚ್3ಎಫ್3ಬಿ ಜೀನಿನ ಕೆ36ಎಂ ರೂಪಾಂತರ.

ಮರುಕಳಿಕೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಕ್ಯುರೆಟಾಜ್ (ಗೆಡ್ಡೆಯನ್ನು ಕೆರೆದು ತೆಗೆಯುವುದು) ಮಾಡಿ ಬೋನ್ ಸಿಮೆಂಟ್ ತುಂಬಿದ ರೋಗಿಯಲ್ಲಿ ಗೆಡ್ಡೆ ಮರಳುವುದು ಹೆಚ್ಚಾಗಿ ಮೊದಲ ಎರಡು-ಮೂರು ವರ್ಷಗಳಲ್ಲಿ. ಸಿಮೆಂಟ್ ಮತ್ತು ಮೂಳೆಯ ನಡುವೆ ತೆಳುವಾದ ಕಪ್ಪು ಗೆರೆ, ಅದರ ಹೊರಗೆ ಬಿಳಿ ಅಂಚು, ಎರಡೂ ಬದಲಾಗದೆ ಉಳಿದರೆ ಆತಂಕಪಡಬೇಕಾಗಿಲ್ಲ. ಆ ಗೆರೆ ಒಂದು ಕಡೆ ಅಗಲವಾಗುತ್ತಾ ಹೋದರೆ ಅಥವಾ ಬಿಳಿ ಅಂಚು ಅಳಿಸಿದರೆ ಅನುಮಾನಿಸಬೇಕು. ಹಾಗಾಗಿ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೆಗೆದ ಎಕ್ಸ್-ರೇ ಇಲ್ಲದೆ ಇಂದಿನ ಎಕ್ಸ್-ರೇಗೆ ಅರ್ಥ ಕಡಿಮೆ; ಹಳೆಯ ಫಿಲ್ಮುಗಳ ಲಕೋಟೆಯನ್ನು ಪ್ರತಿ ಸಲವೂ ತರುವಂತೆ ರೋಗಿಗೆ ಹೇಳುವುದು ವೈದ್ಯಕೀಯ ಸಲಹೆಯೇ. ಸಿಮೆಂಟ್ ಬದಲು ಕಸಿಮೂಳೆ ತುಂಬಿದ್ದರೆ ಕಸಿಯೇ ಕರಗುವುದು ಮರುಕಳಿಕೆಯಂತೆ ಕಾಣಬಹುದು. ಮೃದು ಅಂಗಾಂಶದಲ್ಲಿ ಮರಳಿದ ಗೆಡ್ಡೆಯ ಸುತ್ತ ಕೆಲವೊಮ್ಮೆ ಮೊಟ್ಟೆಯ ಚಿಪ್ಪಿನಂಥ ತೆಳು ಮೂಳೆಪದರ ಬೆಳೆದಿರುತ್ತದೆ.

ರ‍್ಯಾಂಕ್ ಲಿಗ್ಯಾಂಡನ್ನು ತಡೆಯುವ ಡೆನೋಸುಮ್ಯಾಬ್ ಪಡೆದ ರೋಗಿಗಳಲ್ಲಿ ಚಿತ್ರವೇ ಬೇರೆ. ಅಮೆರಿಕದಲ್ಲಿ 2013ರಲ್ಲಿ ಜಿಸಿಟಿಗೆ ಅನುಮೋದನೆ ಪಡೆದ ಈ ಔಷಧ ದೈತ್ಯಕೋಶಗಳನ್ನು ಬಹುಮಟ್ಟಿಗೆ ಇಲ್ಲವಾಗಿಸಿ, ಹೊಸ ಮೂಳೆಯನ್ನು ಬೆಳೆಸುತ್ತದೆ, ಆದರೆ ಸ್ಟ್ರೋಮಲ್ ಕೋಶಗಳನ್ನು ಉಳಿಸುತ್ತದೆ. ಔಷಧದ ವಿಷಯ ತಿಳಿಯದ ರೋಗಶಾಸ್ತ್ರಜ್ಞರಿಗೆ ಆ ಸ್ಲೈಡು ಆಸ್ಟಿಯೋಸಾರ್ಕೋಮಾದಂತೆ ತೋರುವ ಸಾಧ್ಯತೆ ನಿಜಕ್ಕೂ ಇದೆ. ಬಯಾಪ್ಸಿಯ ಕೋರಿಕೆ ಚೀಟಿಯಲ್ಲಿ ಔಷಧದ ಹೆಸರು, ಕೊನೆಯ ಡೋಸಿನ ದಿನಾಂಕ ಎರಡನ್ನೂ ಬರೆಯಲೇಬೇಕು. ಉಳಿದ ಕೋಶಗಳಲ್ಲಿ ಜಿ34ಡಬ್ಲ್ಯೂ ಬಣ್ಣ ಸಾಮಾನ್ಯವಾಗಿ ಹಿಡಿಯುವುದರಿಂದ ಇಲ್ಲಿಯೂ ಅದು ನೆರವಾಗುತ್ತದೆ.

ಮರಳಿ ಬಂದ ಗೆಡ್ಡೆ ಮೊದಲಿನದೇ ಸ್ವಭಾವದ್ದೆಂದು ಊಹಿಸಿಕೊಳ್ಳುವುದೂ ಸಲ್ಲದು. ವಿರಳವಾಗಿ, ವಿಶೇಷವಾಗಿ ವಿಕಿರಣ ಚಿಕಿತ್ಸೆಯಾಗಿ ವರ್ಷಗಳ ನಂತರ, ಅದೇ ಜಾಗದಲ್ಲಿ ಸಾರ್ಕೋಮಾ (ಮೂಳೆಯಂಥ ಅಂಗಾಂಶದ ಕ್ಯಾನ್ಸರ್) ಹುಟ್ಟಬಹುದು. ಅಂಥ ಕೆಲವು ಗೆಡ್ಡೆಗಳಲ್ಲಿ ಜಿ34ಡಬ್ಲ್ಯೂ ಬಣ್ಣ ಹಿಡಿಯದೆಯೂ ಇರುವುದರಿಂದ, ಬಣ್ಣ ಬರಲಿಲ್ಲವೆಂದು ಹಳೆಯ ರೋಗದೊಂದಿಗಿನ ನಂಟನ್ನು ತಳ್ಳಿಹಾಕುವಂತಿಲ್ಲ. ಮರುಬಯಾಪ್ಸಿಯ ಸೂಜಿ ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆಯಬಹುದಾದ ದಾರಿಯಲ್ಲೇ ಸಾಗಬೇಕು, ಆ ದಾರಿಯನ್ನು ಶಸ್ತ್ರವೈದ್ಯರೇ ಗುರುತಿಸಿಕೊಡಬೇಕು.

ಮರುಕಳಿಕೆ ಕಂಡಾಗ ಎದೆಯ ಸಿಟಿ ಸ್ಕ್ಯಾನನ್ನೂ ಮಾಡಿಸಬೇಕು, ಏಕೆಂದರೆ ಸ್ವಲ್ಪ ಮಂದಿಯಲ್ಲಿ ಜಿಸಿಟಿ ಸೌಮ್ಯ ರೂಪದಲ್ಲಿದ್ದೇ ಶ್ವಾಸಕೋಶಕ್ಕೆ ಹರಡುತ್ತದೆ. ಅಲ್ಲಿನ ಗಂಟುಗಳನ್ನು ಕಂಡ ತಕ್ಷಣ ಕ್ಯಾನ್ಸರ್ ಎಂದು ಬರೆಯದೆ, ಸಾಧ್ಯವಾದರೆ ಒಂದು ಗಂಟಿನ ಅಂಗಾಂಶವನ್ನು ಮೊದಲ ಶಸ್ತ್ರಚಿಕಿತ್ಸೆಯ ಸ್ಲೈಡಿನ ಪಕ್ಕದಲ್ಲಿಟ್ಟು ನೋಡಬೇಕು. ಇವುಗಳಲ್ಲಿ ಕೆಲವು ಬಹುಕಾಲ ಬೆಳೆಯದೆ ಹಾಗೆಯೇ ಉಳಿಯುವುದೂ ಉಂಟು.